ಬೆನ್ನ ಹಿಂದಿನ ನಾದ

ಮೈಸೂರಿನ ಸರಸ್ವತೀಪುರದಲ್ಲಿ ನನಗೆ ಹಿರಿಯ ಮಿತ್ರರೊಬ್ಬರಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು, ಮನೆಮಂದಿಯ ಸ್ಪಷ್ಟವಾದ ಅಸಮ್ಮತಿಯನ್ನೂ ಲೆಕ್ಕಿಸದೆ, ಸಂಗೀತ ಕೇಳುವ ಸಲಕರಣೆಗಾಗಿ ವೆಚ್ಚ ಮಾಡಿದವರು. ಅವರ ನಡುಮನೆಯಲ್ಲಿ ಎದುರಿಗೆ ಮೂರು ಸ್ಪೀಕರುಗಳು. ಕೇಳುವವನ ಬೆನ್ನ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಇನ್ನೆರಡು. ಐದರ ನಡುವೆ ಒಂದೇ ಒಂದು ಬೆತ್ತದ ಕುರ್ಚಿ. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಅವರು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ, ಯಂತ್ರದೊಳಕ್ಕೆ ಒಂದು ಡಿಸ್ಕನ್ನು ತಳ್ಳಿ, "ಏನು ಕೇಳಿಸುತ್ತದೆ, ಹೇಳಿ" ಎಂದರು.

ಕೇಳಿಸಿದ್ದನ್ನು ಸಂಗೀತವೆಂದು ಹೇಳುವ ಹಾಗಿರಲಿಲ್ಲ. ದೂರದ ಬೀದಿಯಲ್ಲಿ ಉತ್ಸವ ಸಾಗುತ್ತಿರುವಾಗ, ಕದವಿಕ್ಕಿದ ಮನೆಯೊಳಗೆ ಕುಳಿತವನ ಕಿವಿಗೆ ವಾಲಗದ ಸದ್ದು ಬೀಳುತ್ತದಲ್ಲ, ಅಂಥದೊಂದು ಮಬ್ಬು ಮೊರೆತ. ಪಿಟೀಲುಗಳು ಇವೆಯೆಂದು ಊಹಿಸಬಹುದು. ಎಲ್ಲಿವೆಯೆಂದು ಬೆರಳು ಮಾಡಿ ತೋರಿಸಲಾಗದು. ಸ್ವರ ಮುಗಿದ ಮೇಲೂ ಅದರ ಬಾಲ ಉಳಿದು ಮೆಲ್ಲಗೆ ಕರಗುತ್ತಿತ್ತು. ಯಂತ್ರ ಕೆಟ್ಟಿರಬೇಕೆಂದುಕೊಂಡೆ. ಮಿತ್ರರು ನಕ್ಕು, "ಮುಂದಿನ ಮೂರನ್ನೂ ನಾನೇ ನಿಲ್ಲಿಸಿದ್ದೇನೆ. ನೀವು ಈಗ ಕೇಳುತ್ತಿರುವುದು ವಾದ್ಯಗಳನ್ನಲ್ಲ, ಅವು ನುಡಿದ ಮಂದಿರವನ್ನು" ಎಂದರು. ಆಮೇಲೆ ಮುಂದಿನವನ್ನು ತೆರೆದರು. ವಾದ್ಯವೃಂದ ಎದುರಿಗೆ ಬಂದು ನಿಂತಿತು. ಹಿಂದಿನ ಎರಡೂ ನುಡಿಯುತ್ತಿವೆಯೆಂಬುದೇ ಮರೆತುಹೋಯಿತು. ಗೋಡೆಗಳು ದೂರ ಸರಿದಿವೆ, ಸೂರು ಮೇಲೆದ್ದಿದೆ ಎಂಬುದಷ್ಟೇ ಅರಿವಿಗೆ ಬಂದದ್ದು. ಅಷ್ಟರಲ್ಲಿ ಅವರು ಸದ್ದಿಲ್ಲದೆ ಹಿಂದಿನವನ್ನು ನಿಲ್ಲಿಸಿಬಿಟ್ಟರು. ಒಂದು ವಾದ್ಯವೂ ಕಡಮೆಯಾಗಲಿಲ್ಲ, ಒಂದು ಸ್ವರವೂ ತಪ್ಪಲಿಲ್ಲ. ಆದರೂ ನಾನು ಇದ್ದಕ್ಕಿದ್ದಂತೆ ಸರಸ್ವತೀಪುರದ ಹನ್ನೆರಡಡಿಗೆ ಹದಿನಾಲ್ಕಡಿಯ ನಡುಮನೆಗೆ ಹಿಂತಿರುಗಿದ್ದೆ. ಎದುರಿನ ಗೋಡೆಗೆ ಯಾರೋ ಸಂಗೀತದ ಚಿತ್ರಪಟವೊಂದನ್ನು ತೂಗುಹಾಕಿದಂತಿತ್ತು.

ಆ ಡಿಸ್ಕು ಸೂಪರ್ ಆಡಿಯೋ ಸಿ.ಡಿ. ಎಂಬ ಜಾತಿಯದು. ನೋಡುವುದಕ್ಕೆ ಸಾಧಾರಣ ಸಿ.ಡಿ.ಯೇ; ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಹೆಚ್ಚಿನವರು ವ್ಯತ್ಯಾಸವನ್ನು ಕಾಣಲಾರರು. ಸುತ್ತುವರಿದ ನಾದವನ್ನು ಮನೆಗೆ ತರುವೆವೆಂದು ಹೊರಟು, ಸಂತೆಯಲ್ಲಿ ಸೋತು, ಆದರೂ ಪೂರ್ತಿ ಸಾಯದೆ ಉಳಿದಿರುವ ಕೆಲವು ಡಿಸ್ಕುಗಳ ಕಥೆಯನ್ನು ಹೇಳುವುದು ಈ ಬರಹದ ಉದ್ದೇಶ. ಅವು ಸೋತದ್ದಕ್ಕೆ ಹೇಳುವ ಕಾರಣಗಳು ಹಲವು. ತಮ್ಮಲ್ಲಿದ್ದ ನಿಜವಾದ ಗುಣವನ್ನು ಮರೆಮಾಡಿ, ಕಿವಿಗೆ ನಿಲುಕದ ಇನ್ನೊಂದು ಗುಣವನ್ನು ಸಾರಿ ಮಾರಹೊರಟದ್ದು ಅವುಗಳಲ್ಲಿ ಮುಖ್ಯವಾದುದೆಂದು ನನಗೆ ತೋರುತ್ತದೆ.

ಬೆನ್ನ ಹಿಂದಿನ ನಾದಕ್ಕೆ ಇಷ್ಟು ಬೆಲೆ ಏಕೆ? ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸುತ್ತಿ ಬರಲು ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಡ. ಆ ಕಣಮಾತ್ರದ ಅಂತರದಿಂದಲೇ ಮಿದುಳು, ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ತೀರ್ಮಾನಿಸುತ್ತದೆ. ಸಭಾಭವನವೊಂದರಲ್ಲಿ ಪಿಟೀಲು ನುಡಿದಾಗ ಅದರ ನಾದ ಮೊದಲು ನೇರವಾಗಿ ನಮ್ಮನ್ನು ಮುಟ್ಟುತ್ತದೆ. ಬೆನ್ನಲ್ಲೇ ಪಕ್ಕದ ಗೋಡೆಗಳನ್ನು ತಾಗಿ ಬಂದದ್ದು, ಆಮೇಲೆ ಸೂರನ್ನು ತಾಗಿದ್ದು, ಹಿಂದಿನ ಗೋಡೆಯನ್ನು ತಾಗಿದ್ದು, ಕೊನೆಗೆ ಲೆಕ್ಕವಿಲ್ಲದಷ್ಟು ಸಲ ಪುಟಿದು ದಿಕ್ಕುಗೆಟ್ಟ ಮೊಳಗು. ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ವಿದ್ವಾಂಸ ಒಂದು ಸೋಜಿಗವನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ. ಒಂದೇ ಧ್ವನಿ ಸೆಕೆಂಡಿನ ಸಾವಿರದಲ್ಲಿ ಮೂವತ್ತು ಭಾಗಗಳಷ್ಟು ಕಾಲದೊಳಗೆ ಮತ್ತೊಮ್ಮೆ ಬಂದರೆ, ಕಿವಿ ಅದನ್ನು ಬೇರೊಂದು ಧ್ವನಿಯೆಂದು ಗಣಿಸುವುದಿಲ್ಲ. ಮೊದಲು ಬಂದದ್ದರ ದಿಕ್ಕನ್ನೇ ನಂಬಿ, ಆಮೇಲಿನದನ್ನು ಅದರ ತುಂಬುತನಕ್ಕೆ ಜಮಾ ಮಾಡಿಕೊಳ್ಳುತ್ತದೆ. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಮಂದಿರ 1870ರಲ್ಲಿಯೂ ಆಂಸ್ಟರ್‌ಡಾಮಿನ ಕನ್ಸರ್ಟ್‌ಗೆಬೌ 1888ರಲ್ಲಿಯೂ ತೆರೆದವು. ಈ ಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಟ್ಟಿದ ಇವುಗಳ ಕೀರ್ತಿಯಲ್ಲಿ ಅರ್ಧ ಪಾಲು ಗೋಡೆಗಳದ್ದು.

ಇಲ್ಲಿಯೇ ಎರಡು ಸ್ಪೀಕರುಗಳ ಸ್ಟೀರಿಯೋಪದ್ಧತಿಯ ಮಿತಿಯಿದೆ. ಮಂದಿರದ ಗೋಡೆಗಳಿಂದ ಪುಟಿದ ನಾದವನ್ನೂ ಅದು ಮುದ್ರಿಸುತ್ತದೆ, ನಿಜ; ಆದರೆ ಪಕ್ಕದಿಂದ, ಹಿಂದಿನಿಂದ ಬರಬೇಕಾದುದನ್ನೆಲ್ಲ ಎದುರಿನಿಂದಲೇ ಬಡಿಸುತ್ತದೆ. ಮುಂಬಾಗಿಲಿನಿಂದ ಬರಬೇಕಾದ ಅತಿಥಿಯೂ ಹಿತ್ತಿಲಿನಿಂದ ಬರಬೇಕಾದ ನೆರೆಯವರೂ ಒಂದೇ ಕಿಟಕಿಯಲ್ಲಿ ನುಗ್ಗಿದಂತೆ!

ಸಂಗೀತಗಾರರಿಗೆ ಈ ಸಂಗತಿ ಬಹಳ ಹಳೆಯದು. ವೆನಿಸ್ಸಿನ ಸಂತ ಮಾರ್ಕನ ದೇವಾಲಯದಲ್ಲಿ ಹಾಡುವವರನ್ನು ಎರಡು ಮೇಳಗಳಾಗಿ ಒಡೆದು, ಎದುರುಬದುರಾಗಿ ನಿಲ್ಲಿಸಿ, ಒಂದು ಕರೆದರೆ ಇನ್ನೊಂದು ಓಗೊಡುವಂತೆ ಹಾಡಿಸುವ ಸಂಪ್ರದಾಯ ಹದಿನಾರನೆಯ ಶತಮಾನದಲ್ಲಿ ಬೆಳೆಯಿತು. 1527ರಲ್ಲಿ ಅಲ್ಲಿಯ ಸಂಗೀತದ ಹೊಣೆ ಹೊತ್ತ ಆಡ್ರಿಯಾನ್ ವಿಲಾರ್ಟ್ ಅದನ್ನು ಪೋಷಿಸಿದ; ಶತಮಾನದ ಕೊನೆಗೆ ಜೊವಾನಿ ಗಾಬ್ರಿಯೇಲಿ ಅದನ್ನು ವೈಭವದ ಶಿಖರಕ್ಕೇರಿಸಿದ. ಫ್ರಾನ್ಸಿನ ಬರ್ಲಿಯೋಝ್ 1837ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಇನ್ವಾಲೀಡ್ ಚರ್ಚಿನಲ್ಲಿ ತನ್ನ 'ರೆಕ್ವಿಯೆಮ್' ಕೃತಿಯನ್ನು ಮೊದಲ ಬಾರಿಗೆ ನುಡಿಸಿದಾಗ, ಅಂತಿಮ ತೀರ್ಪಿನ ದಿನವನ್ನು ವರ್ಣಿಸುವ ಭಾಗಕ್ಕೆ ತುತ್ತೂರಿಗಳ ನಾಲ್ಕು ಮೇಳಗಳನ್ನು ನಾಲ್ಕು ಮೂಲೆಗಳಲ್ಲಿ ನಿಲ್ಲಿಸಿದ್ದ. ಜೊತೆಗೆ ಹದಿನಾರು ಭೇರಿಗಳು. ಇಂಥ ಕೃತಿಯನ್ನು ಎರಡು ಸ್ಪೀಕರುಗಳಲ್ಲಿ ಕೇಳುವುದು, ನಾಲ್ಕು ಬೀದಿಗಳಲ್ಲಿ ಸುತ್ತುವ ರಥೋತ್ಸವವನ್ನು ಒಂದೇ ಬೀದಿಯ ತುದಿಯಲ್ಲಿ ನಿಂತು ನೋಡಿದಂತೆ.

ನಮ್ಮ ಸಂಗೀತಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಹಿಂದುಸ್ತಾನೀ ಗಾಯಕರ ಬೆನ್ನ ಹಿಂದೆ ತಂಬೂರಿ ಮೀಟುವ ಶಿಷ್ಯರು ಕುಳಿತಿರುತ್ತಾರೆ, ಅಲ್ಲವೆ? ಗಾಯಕರು ಆ ಶ್ರುತಿಯ ಒಳಗೆ ಕುಳಿತು ಹಾಡುತ್ತಾರೆ. ನಾವು ಅದನ್ನು ಹೊರಗಿನಿಂದ ಕೇಳುತ್ತೇವೆ. ವೇದಿಕೆಯ ಮೇಲೆ ಗಾಯಕರ ಪಕ್ಕದಲ್ಲಿ ಕೂರುವ ಭಾಗ್ಯ ಒಮ್ಮೆ ಸಿಕ್ಕಿದವರು ಆ ವ್ಯತ್ಯಾಸವನ್ನು ಬಲ್ಲರು.

ಮೂಲವಿಷಯಕ್ಕೆ ಬರೋಣ. ಧ್ವನಿಗೆ ಎಡಬಲಗಳನ್ನು ತಂದುಕೊಡುವ ಯತ್ನ 1881ರಷ್ಟು ಹಳೆಯದು. ಆ ವರ್ಷ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅಡೇರ್ ಎಂಬಾತ ನಾಟಕಶಾಲೆಯ ಸಂಗೀತವನ್ನು ಟೆಲಿಫೋನ್ ತಂತಿಗಳ ಮೂಲಕ, ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ, ಜನರಿಗೆ ಕೇಳಿಸಿದ. ಶಾಸ್ತ್ರೀಯವಾದ ಅಡಿಪಾಯ ಹಾಕಿದವನು ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್. 1931ರ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟಿನಲ್ಲಿ, ಪ್ಲೇಟಿನ ಒಂದೇ ಗೆರೆಯ ಎರಡು ಓರೆಗೋಡೆಗಳ ಮೇಲೆ ಎಡದ ಧ್ವನಿಯನ್ನೂ ಬಲದ ಧ್ವನಿಯನ್ನೂ ಬೇರೆ ಬೇರೆಯಾಗಿ ಕೊರೆಯುವ ಉಪಾಯವಿತ್ತು. 1934ರಲ್ಲಿ ಟಾಮಸ್ ಬೀಚಮ್ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮೋಟ್ಸಾರ್ಟನ 'ಜುಪಿಟರ್' ಸಿಂಫನಿಯನ್ನು ಅಭ್ಯಾಸ ಮಾಡಿಸುತ್ತಿದ್ದಾಗ ಅವನು ಆ ರೀತಿ ಮುದ್ರಿಸಿಯೂ ನೋಡಿದ. 1942ರಲ್ಲಿ, ರಾಡಾರ್ ಪರೀಕ್ಷೆಗಾಗಿ ಹಾರಿದ ಯುದ್ಧವಿಮಾನ ಉರುಳಿ ಸತ್ತಾಗ ಅವನಿಗೆ ಮೂವತ್ತೆಂಟು ವರ್ಷ. ಗೆರೆಯ ಎರಡು ಗೋಡೆಗಳ ಪ್ಲೇಟುಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಧ್ವನಿಯ ಧಾರೆಗಳು ಎರಡೇ ಇರಬೇಕೆಂದು ಕಿವಿಯೇನೂ ಕೇಳಿರಲಿಲ್ಲ. ಚಾನೆಲ್ ಎಂದು ತಂತ್ರಜ್ಞರು ಕರೆಯುವುದನ್ನು ನಾನು ಧಾರೆಯೆನ್ನುತ್ತಿದ್ದೇನೆ. ಅಮೆರಿಕದ ಬೆಲ್ ಪ್ರಯೋಗಾಲಯದವರು 1933ರಲ್ಲಿ ಫಿಲಡೆಲ್ಫಿಯಾದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಿಕರಿಗೆ ಕೇಳಿಸಿದಾಗ ಮೂರು ಧಾರೆಗಳನ್ನು ಬಳಸಿದ್ದರು. 1950ರ ದಶಕದ ಉತ್ತರಾರ್ಧದಲ್ಲಿ ಆರ್‌ಸಿಎ, ಮರ್ಕ್ಯುರಿ ಕಂಪೆನಿಗಳು ಎಷ್ಟೋ ಶ್ರೇಷ್ಠ ವಾದನಗಳನ್ನು ಮೂರು ಧಾರೆಗಳ ಟೇಪಿನಲ್ಲಿ ಹಿಡಿದಿಟ್ಟವು. ಆದರೆ ಗೆರೆಗೆ ಇರುವುದು ಎರಡೇ ಗೋಡೆ. ಆದ್ದರಿಂದ ನಡುವಿನ ಧಾರೆಯನ್ನು ಎಡಬಲಗಳಿಗೆ ಹಂಚಿ ಬೆರೆಸಿ, ಎರಡಾಗಿ ಮಾಡಿ, ಪ್ಲೇಟು ಒತ್ತಿದರು. ಮೂಲ ಟೇಪು ಉಗ್ರಾಣ ಸೇರಿತು.

1970ರ ದಶಕದಲ್ಲಿ ನಾಲ್ಕು ಧಾರೆಗಳ ಹುಮ್ಮಸ್ಸು ಎದ್ದಿತು. ಕ್ವಾಡ್ರಫೋನಿಕ್ ಎಂದು ಅದರ ಹೆಸರು. ಎರಡು ಗೋಡೆಗಳ ಗೆರೆಯಲ್ಲಿ ನಾಲ್ಕನ್ನು ಅಡಗಿಸುವುದು ಹೇಗೆ? ಸಿಬಿಎಸ್ ಕಂಪೆನಿಯವರೂ ಜಪಾನಿನ ಸಾನ್ಸುಯಿಯವರೂ ನಾಲ್ಕನ್ನು ಒಂದು ಗಣಿತಸೂತ್ರದಂತೆ ಎರಡರಲ್ಲಿ ಕಲಸಿ, ಮನೆಯಲ್ಲಿ ಮತ್ತೊಂದು ಯಂತ್ರದಿಂದ ಬಿಡಿಸುವ ಹಾದಿ ಹಿಡಿದರು. ಆದರೆ ಇಬ್ಬರ ಸೂತ್ರಗಳೂ ಬೇರೆ ಬೇರೆ. ಹೀಗೆ ಕಲಸಿದ್ದು ಪೂರ್ತಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಮುಂದಿನದು ಹಿಂದಕ್ಕೂ ಹಿಂದಿನದು ಮುಂದಕ್ಕೂ ಸೋರುತ್ತಿತ್ತು. ಜಪಾನಿನ ಜೆವಿಸಿಯವರು ಇನ್ನೂ ಸಾಹಸಿಗಳು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆಯಷ್ಟೆ. ಅವರು 30,000 ಕಂಪನಗಳ ವಾಹಕ ಅಲೆಯೊಂದರ ಬೆನ್ನ ಮೇಲೆ ಹಿಂದಿನ ಧಾರೆಗಳನ್ನು ಹೊರಿಸಿ ಅದೇ ಗೆರೆಯಲ್ಲಿ ಕೊರೆದರು. ಅದನ್ನು ಓದುವುದಕ್ಕೆ ವಿಶೇಷ ಆಕಾರದ ಮುಳ್ಳು ಬೇಕು. ಸಾಧಾರಣ ಮುಳ್ಳಿನಿಂದ ಅದೇ ಪ್ಲೇಟನ್ನು ಪದೇ ಪದೇ ನುಡಿಸಿದರೆ ಸೂಕ್ಷ್ಮವಾದ ಆ ಗೆರೆ ಸವೆದು, ಹಿಂದಿನ ಎರಡು ಧಾರೆಗಳು ಅಳಿಸಿಹೋಗುವ ಭಯ.

ಒಬ್ಬರ ಪ್ಲೇಟು ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ನುಡಿಯದು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ದಶಕ ಮುಗಿಯುವುದರೊಳಗೆ ಎಲ್ಲ ಪದ್ಧತಿಗಳೂ ಮೂಲೆಗುಂಪಾದವು. ಜಗಳವೊಂದೇ ಕಾರಣವೆಂದು ನಾನು ಹೇಳಲಾರೆ. ನಾಲ್ಕು ಮೂಲೆ ಸಿಕ್ಕಿತೆಂಬ ಸಂಭ್ರಮದಲ್ಲಿ ಗಿಟಾರನ್ನು ತಲೆಯ ಸುತ್ತ ಗಿರಿಗಿಟ್ಟಲೆಯಂತೆ ತಿರುಗಿಸಿದ ಮುದ್ರಣಗಳೂ ಬಂದವು. ಮೊದಲ ದಿನ ಬೆರಗು, ಮೂರನೆಯ ದಿನ ತಲೆನೋವು. ಇದರ ನಡುವೆಯೂ ಸಾರ್ಥಕವಾದವು ಕೆಲವಿದ್ದವು. ಜರ್ಮನಿಯ ಫ್ರೈಬುರ್ಗಿನ ಮಹಾದೇವಾಲಯದಲ್ಲಿ ನಾಲ್ಕು ಆರ್ಗನ್ ವಾದ್ಯಗಳು ಕಟ್ಟಡದ ಬೇರೆ ಬೇರೆ ಕಡೆಗಳಲ್ಲಿವೆ. ನಾಲ್ಕನ್ನೂ ಒಂದೇ ಪೀಠದಲ್ಲಿ ಕುಳಿತು ನುಡಿಸಬಹುದು. ಇ. ಪವರ್ ಬಿಗ್ಸ್ ಎಂಬ ಪ್ರಸಿದ್ಧ ವಾದಕ ಅಲ್ಲಿ ಬಾಖ್‌ನ ಟೊಕಾಟಾಗಳನ್ನು ನುಡಿಸಿ ನಾಲ್ಕು ಧಾರೆಗಳಲ್ಲಿ ಮುದ್ರಿಸಿದ. ಅಲ್ಲಿ ನಾದ ನಾಲ್ಕು ಕಡೆಯಿಂದ ಬರುವುದು ತಂತ್ರಜ್ಞನ ಚಮತ್ಕಾರವಲ್ಲ, ಕಟ್ಟಡದ ಸ್ವಭಾವ. ಪಿಂಕ್ ಫ್ಲಾಯ್ಡ್ ತಂಡದ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಮುದ್ರಿಕೆಗೆ ಆಲನ್ ಪಾರ್ಸನ್ಸ್ ಮಾಡಿದ ನಾಲ್ಕು ಧಾರೆಗಳ ರೂಪವನ್ನೂ ಆ ಸಂಗೀತದ ಅಭಿಮಾನಿಗಳು ಇಂದಿಗೂ ಕೊಂಡಾಡುತ್ತಾರೆ. ನೆದರ್ಲೆಂಡಿನ ಫಿಲಿಪ್ಸ್ ಸಂಸ್ಥೆಯ ವರ್ತನೆ ಇನ್ನೂ ಸ್ವಾರಸ್ಯವಾದುದು. ಅವರು ದೊಡ್ಡ ದೊಡ್ಡ ವಾದ್ಯವೃಂದಗಳನ್ನು ನಾಲ್ಕು ಧಾರೆಗಳಲ್ಲಿ ಮುದ್ರಿಸುತ್ತ ಹೋದರು. ಯಾವ ಪ್ಲೇಟೂ ಆ ನಾದಕ್ಕೆ ಯೋಗ್ಯವೆನಿಸದೆ ಎರಡು ಧಾರೆಗಳ ಪ್ಲೇಟುಗಳನ್ನಷ್ಟೇ ಮಾರಿ, ಹಿಂದಿನ ಎರಡನ್ನು ಟೇಪಿನಲ್ಲೇ ಬಿಟ್ಟರು.

1982ರಲ್ಲಿ ಸಿ.ಡಿ. ಬಂತು. ಗೆರೆ ಹೋಯಿತು, ಮುಳ್ಳು ಹೋಯಿತು, ಆದರೆ ಎರಡು ಧಾರೆಗಳ ಅಭ್ಯಾಸ ಹೋಗಲಿಲ್ಲ. ಗೋಡೆಗಳಿಲ್ಲದ ಡಿಸ್ಕಿಗೂ ಎರಡೇ ಧಾರೆ ಎಂಬುದು, ಬಂಡಿ ಹೋಗಿ ಮೋಟಾರು ಬಂದ ಮೇಲೂ ನೊಗವನ್ನು ಉಳಿಸಿಕೊಂಡಂತೆ.

1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಸೂಪರ್ ಆಡಿಯೋ ಸಿ.ಡಿ.ಯನ್ನು ಹೊರತಂದವು. ಅದರ ರಚನೆ ಸೊಗಸಾದುದು. ಡಿಸ್ಕಿನ ದಪ್ಪ 1.2 ಮಿಲಿಮೀಟರು. ಅಷ್ಟರಲ್ಲಿಯೇ ಎರಡು ಪದರಗಳು: ಆಳದ ಪದರದಲ್ಲಿ ಸಾಧಾರಣ ಸಿ.ಡಿ.; ಅರ್ಧ ದಾರಿಯಲ್ಲಿ, 0.6 ಮಿಲಿಮೀಟರಿನಲ್ಲಿ, ಹೊಸ ಪದರ. ಹಳೆಯ ಯಂತ್ರದ ಅವಗೆಂಪು ಲೇಸರ್ ಕಿರಣ ಹೊಸ ಪದರವನ್ನು ಗಾಜಿನಂತೆ ದಾಟಿ ಸಿ.ಡಿ.ಯನ್ನು ಓದುತ್ತದೆ, ಹೊಸ ಯಂತ್ರದ ಕೆಂಪು ಕಿರಣ ಹೊಸ ಪದರದಲ್ಲೇ ನಿಂತು ಅಲ್ಲಿರುವ ಎರಡು ಧಾರೆಗಳ ರೂಪವನ್ನೋ ಐದಾರು ಧಾರೆಗಳ ರೂಪವನ್ನೋ ಓದುತ್ತದೆ. ಒಂದೇ ಡಿಸ್ಕು ಬಡವನ ಯಂತ್ರದಲ್ಲಿಯೂ ಬಲ್ಲಿದನ ಯಂತ್ರದಲ್ಲಿಯೂ ನುಡಿಯುತ್ತದೆ. ಧ್ವನಿಯನ್ನು ಅಂಕಿಗಳಾಗಿಸುವ ಕ್ರಮವೂ ಬೇರೆ. ಸಿ.ಡಿ. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟರೆ, ಇದು ಸೆಕೆಂಡಿಗೆ 28,22,400 ಸಲ ಒಂದೊಂದೇ ಬಿಟ್ಟನ್ನು ಬರೆಯುತ್ತದೆ. ಮರುವರ್ಷವೇ ಬೇರೆ ಕಂಪೆನಿಗಳ ಡಿ.ವಿ.ಡಿ. ಆಡಿಯೋ ಬಂತು; ಅದು ಸಿ.ಡಿ.ಯ ಮಾರ್ಗವನ್ನೇ ಹಿಗ್ಗಿಸಿ, ಆರು ಧಾರೆಗಳವರೆಗೆ, 24 ಬಿಟ್‌ಗಳಲ್ಲಿ, ಸೆಕೆಂಡಿಗೆ 96,000 ಅಳತೆಗಳನ್ನು ಕೊಟ್ಟಿತು. ಒಬ್ಬರ ಡಿಸ್ಕಿನ ಹೊಸ ಪದರ ಇನ್ನೊಬ್ಬರ ಯಂತ್ರಕ್ಕೆ ಅರ್ಥವಾಗದು. ಇಪ್ಪತ್ತೈದು ವರ್ಷಗಳ ಹಿಂದಿನ ಜಗಳ, ಹೊಸ ಬಟ್ಟೆ ತೊಟ್ಟು, ಮತ್ತೆ ಬೀದಿಗೆ ಬಂದಿತ್ತು.

ಜಾಹೀರಾತುಗಳು ಸಾರಿದ್ದು ಈ ಅಂಕಿಗಳನ್ನು. ಸಿ.ಡಿ.ಗಿಂತ ಅರವತ್ತನಾಲ್ಕು ಪಾಲು ಸೂಕ್ಷ್ಮ ಎಂಬಂಥ ಮಾತು ಕೇಳಿದರೆ ಯಾರಿಗೆ ತಾನೆ ಆಸೆಯಾಗದು? ಆದರೆ ಕಿವಿ ಏನು ಹೇಳಿತು? 2007ರಲ್ಲಿ ಅಮೆರಿಕದ ಬಾಸ್ಟನ್ನಿನವರಾದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ತಮ್ಮ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಂಥ ಹೊಸ ಡಿಸ್ಕುಗಳ ಎರಡು ಧಾರೆಗಳ ನಾದವನ್ನು ಒಮ್ಮೆ ನೇರವಾಗಿ, ಒಮ್ಮೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತಿತ್ತು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಸರಿಯುತ್ತರದ ಪ್ರಮಾಣ ಶೇಕಡ 52.3 ಎಂದು ಲೆಕ್ಕಹಾಕಿದ; ತರಬೇತಿ ಪಡೆದ ಕಿವಿಗಳಲ್ಲಿ ತುಸು ಹೆಚ್ಚು. ವ್ಯತ್ಯಾಸ ಇದ್ದರೂ ಇರಬಹುದು, ಆದರೆ ಕೂದಲೆಳೆಯಷ್ಟು. ಸಂಗೀತದ ಗಂಧವಿಲ್ಲದವರನ್ನೂ ಆ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಿಂದಿನ ಸ್ಪೀಕರುಗಳನ್ನು ನಿಲ್ಲಿಸಿದರೆ, ಏನೋ ಹೋಯಿತೆಂದು ಅವರಿಗೆ ತಕ್ಷಣ ತಿಳಿಯುತ್ತದೆ. ನನ್ನ ಮಿತ್ರರು ಮನೆಗೆ ಬಂದವರ ಮೇಲೆಲ್ಲ, ಹಾಲು ಕೊಡುವ ಹುಡುಗನನ್ನೂ ಬಿಡದೆ, ಈ ಪ್ರಯೋಗ ಮಾಡಿದ್ದಾರೆ. ಹೀಗೆ, ಕೇಳಿಸದ ಗುಣ ಮುಖಪುಟದಲ್ಲಿ, ಕೇಳಿಸುವ ಗುಣ ಮೂಲೆಯ ಸಣ್ಣಕ್ಷರದಲ್ಲಿ ಎಂಬಂತಾಯಿತು. ಕೊಂಡವರು ಎರಡೇ ಸ್ಪೀಕರುಗಳಲ್ಲಿ ಕೇಳಿ, "ಇದರಲ್ಲೇನಿದೆ ಹೆಚ್ಚು?" ಎಂದು ಕೇಳಿದರೆ ಅವರದೇನು ತಪ್ಪು?

ಎರಡನೆಯ ತಪ್ಪು ಬೀಗದ್ದು. ಸಿ.ಡಿ.ಗೆ ಬೀಗವಿರಲಿಲ್ಲ, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನಕಲು ಮಾಡಬಹುದಾಗಿತ್ತು. ಹೊಸ ಡಿಸ್ಕುಗಳಲ್ಲಿ ಹಾಗಾಗಬಾರದೆಂದು ಕಂಪೆನಿಗಳು ಪಣತೊಟ್ಟವು. ಚಲನಚಿತ್ರದ ಡಿ.ವಿ.ಡಿ.ಯ ಬೀಗವನ್ನು 1999ರಲ್ಲಿ ಹುಡುಗರು ಮುರಿದದ್ದೇ ತಡ, ಡಿ.ವಿ.ಡಿ. ಆಡಿಯೋದ ಬಿಡುಗಡೆಯನ್ನೇ ಮುಂದೂಡಿ ಇನ್ನೂ ಗಟ್ಟಿಯಾದ ಬೀಗ ಹುಡುಕಿದರು. ಸೂಪರ್ ಆಡಿಯೋ ಸಿ.ಡಿ.ಯ ಹೊಸ ಪದರವನ್ನಂತೂ ಯಾವ ಕಂಪ್ಯೂಟರೂ ಓದದಂತೆ ಮಾಡಿದರು. ಮೊದಮೊದಲಿನ ಯಂತ್ರಗಳಿಂದ ಆ ನಾದ ಅಂಕಿಗಳ ರೂಪದಲ್ಲಿ ಹೊರಕ್ಕೆ ಬರುವಂತೆಯೇ ಇರಲಿಲ್ಲ. ಆರು ಧಾರೆಗಳಿಗೆ ಆರು ಕೇಬಲ್ಲುಗಳನ್ನು ಎಳೆಯಬೇಕಾಗಿತ್ತು. ಇತ್ತ 1999ರಲ್ಲಿಯೇ ನ್ಯಾಪ್‌ಸ್ಟರ್ ಹುಟ್ಟಿ, ಹಳೆಯ ಸಿ.ಡಿ.ಗಳಿಂದ ತೆಗೆದ ಹಾಡುಗಳನ್ನು ಜಗತ್ತಿನ ವಿದ್ಯಾರ್ಥಿಗಳೆಲ್ಲ ಪುಕ್ಕಟೆಯಾಗಿ ಹಂಚಿಕೊಳ್ಳತೊಡಗಿದ್ದರು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 2001ರಲ್ಲಿ ಐಪಾಡ್ ಬಂತು. ಜನ ನಾದದ ಸೂಕ್ಷ್ಮತೆಗಿಂತ ಜೇಬಿನ ಸೌಕರ್ಯವನ್ನು ಆರಿಸಿಕೊಂಡರು.

ಡಿಸ್ಕುಗಳ ಮೇಲೆ ಇಷ್ಟು ಮಮತೆ ತೋರಿಸುವ ನಾನು, ಅವುಗಳ ಒಂದು ದೋಷವನ್ನು ಮುಚ್ಚಿಡಬಾರದು. ಐದು ಸ್ಪೀಕರುಗಳಿಗೆ ಅಂತಾರಾಷ್ಟ್ರೀಯವಾಗಿ ಗೊತ್ತುಮಾಡಿದ ಜಾಗಗಳಿವೆ: ಒಂದು ನೇರ ಎದುರಿಗೆ, ಎರಡು ಅದರಿಂದ 30 ಡಿಗ್ರಿ ಎಡಬಲಕ್ಕೆ, ಹಿಂದಿನವು ಸುಮಾರು 110 ಡಿಗ್ರಿಯಲ್ಲಿ. ಈ ವೃತ್ತಕ್ಕೆ ಕೇಂದ್ರ ಒಂದೇ. ಅಲ್ಲಿ ಕುಳಿತವನೊಬ್ಬನಿಗೆ ಮಂದಿರ ಪೂರ್ತಿಯಾಗಿ ದಕ್ಕುತ್ತದೆ; ಪಕ್ಕದ ಚಾಪೆಯ ಮೇಲೆ ಕುಳಿತವನಿಗೆ ಯಾವುದೋ ಒಂದು ಗೋಡೆ ಹತ್ತಿರವಾಗುತ್ತದೆ. ರಾಮನವಮಿಯ ಚಪ್ಪರದಲ್ಲಿ ಸಾವಿರ ಜನರೊಡನೆ ಕುಳಿತು, ಪಕ್ಕದವರ ತಾಳಕ್ಕೆ ತಾಳ ಸೇರಿಸಿ ಸಂಗೀತ ಕೇಳುವ ನಮಗೆ, ಒಂದೇ ಕುರ್ಚಿಯ ಈ ಸಭೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಸಭೆಯ ಗಾಳಿಯನ್ನು ಮನೆಗೆ ತಂದರು, ಸಭಿಕರನ್ನು ಹೊರಗೆ ಬಿಟ್ಟರು. ಮಿತ್ರರಿಗೆ ಇದನ್ನು ಹೇಳಿದಾಗ, "ಪುಸ್ತಕವನ್ನೂ ಒಬ್ಬನೇ ಓದುತ್ತೀರಲ್ಲ" ಎಂದು ಬಾಯಿ ಮುಚ್ಚಿಸಿದರು.

ಡಿ.ವಿ.ಡಿ. ಆಡಿಯೋ ಬಹುಬೇಗ ಕಣ್ಮರೆಯಾಯಿತು. ಸೂಪರ್ ಆಡಿಯೋ ಸಿ.ಡಿ. ಮಾತ್ರ, ದೊಡ್ಡ ಕಂಪೆನಿಗಳು ಕೈಬಿಟ್ಟರೂ, ಶಾಸ್ತ್ರೀಯ ಸಂಗೀತದ ಸಣ್ಣ ಪ್ರಕಾಶಕರ ಆಶ್ರಯದಲ್ಲಿ ಬದುಕಿಕೊಂಡಿತು. ಫಿಲಿಪ್ಸ್ ಸಂಸ್ಥೆಯ ಸಂಗೀತ ವಿಭಾಗವನ್ನು ಬಿಟ್ಟುಬಂದವರು 2001ರಲ್ಲಿ ಪೆಂಟಾಟೋನ್ ಎಂಬ ಸಂಸ್ಥೆ ಕಟ್ಟಿದರು. ತಮ್ಮ ಹಳೆಯ ಉಗ್ರಾಣದಲ್ಲಿ ಮಲಗಿದ್ದ ನಾಲ್ಕು ಧಾರೆಗಳ ಟೇಪುಗಳನ್ನು ಅವರು ಮರೆತಿರಲಿಲ್ಲ. ಮೂವತ್ತು ವರ್ಷ ಯಾರ ಮನೆಯಲ್ಲಿಯೂ ನುಡಿಯದಿದ್ದ ಹಿಂದಿನ ಎರಡು ಧಾರೆಗಳು ಮೊದಲ ಬಾರಿಗೆ ಹೊರಬಂದವು. ಆ ಸಂಜೆ ನಾನು ಕೇಳಿದ್ದು ಅಂಥದೇ ಒಂದು ಮುದ್ರಿಕೆ. ಅದೇ ರೀತಿ, ಆರ್‌ಸಿಎ ಮತ್ತು ಮರ್ಕ್ಯುರಿಯವರ ಮೂರು ಧಾರೆಗಳ ಟೇಪುಗಳೂ 2004ರಿಂದೀಚೆಗೆ ಮೂರಾಗಿಯೇ ಈ ಡಿಸ್ಕುಗಳಲ್ಲಿ ಬಂದವು. ಫ್ರಿಟ್ಸ್ ರೈನರನ ಶಿಕಾಗೋ ವಾದ್ಯವೃಂದದ ನಡುವಿನ ಧಾರೆ ಅರ್ಧ ಶತಮಾನದ ಮೇಲೆ ತನ್ನ ಸ್ವಂತ ಸ್ಪೀಕರಿನಲ್ಲಿ ನುಡಿಯಿತು. ನುಡಿಸಿದವರಲ್ಲಿ ಎಷ್ಟು ಜನ ಅದನ್ನು ಕೇಳಲು ಉಳಿದಿದ್ದರೋ!

ನಾರ್ವೆಯ '2ಎಲ್' ಎಂಬ ಪುಟ್ಟ ಸಂಸ್ಥೆಯ ಮಾರ್ಟನ್ ಲಿಂಡ್‌ಬರ್ಗ್ ಹಿಡಿದ ದಾರಿ ಬೇರೆ. ಚರ್ಚುಗಳಿಗೆ ಹೋಗಿ, ವಾದಕರನ್ನು ಮೈಕ್ರೊಫೋನುಗಳ ಸುತ್ತ ವೃತ್ತಾಕಾರವಾಗಿ ಕೂರಿಸಿ ಅವನು ಮುದ್ರಿಸುತ್ತಾನೆ. 2008ರಲ್ಲಿ ಅವನು ಬ್ಲೂ-ರೇ ಡಿಸ್ಕನ್ನು ಚಿತ್ರವಿಲ್ಲದೆ ಸಂಗೀತಕ್ಕಾಗಿಯೇ ಬಳಸಿ ತೋರಿಸಿದ. 2020ರಲ್ಲಿ ಟ್ರಾಂಡ್‌ಹೈಮ್ ನಗರದ ಹುಡುಗಿಯರ ಗಾಯನಮೇಳದ 'ಲಕ್ಸ್' ಎಂಬ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಕೇಳುಗನನ್ನು ಮೇಳದ ಮಧ್ಯೆ ನಿಲ್ಲಿಸುವ ಈ ಪದ್ಧತಿ ನನಗೆ ಪೂರ್ತಿ ಒಗ್ಗಿಲ್ಲ. ಯಾವ ಸಭಿಕನೂ ಕೂರದ ಜಾಗ ಅದು. ಆದರೂ ಗಾಯಕನ ಬೆನ್ನ ಹಿಂದಿನ ತಂಬೂರಿಯನ್ನು ನೆನೆದಾಗ, ಇವನು ಹೇಳುವುದರಲ್ಲಿಯೂ ಸತ್ಯವಿದೆಯೆನಿಸುತ್ತದೆ.

ಈಗ ಸುತ್ತುನಾದ ತಂತಿಯ ಮೂಲಕ, ಅಂತರ್ಜಾಲದಲ್ಲಿ, ಹೊಸ ಹೆಸರಿನಿಂದ ಹಿಂತಿರುಗಿದೆ. 2021ರಿಂದ ಆ್ಯಪಲ್ ಮ್ಯೂಸಿಕ್ ಡಾಲ್ಬಿ ಅಟ್ಮಾಸ್ ಎಂಬ ಪದ್ಧತಿಯಲ್ಲಿ ಸಂಗೀತವನ್ನು ಕೊಡುತ್ತಿದೆ. ಹೆಚ್ಚಿನವರು ಕೇಳುವುದು ಕಿವಿಯೊಳಗಿನ ಗುಬಟುಗಳಲ್ಲಿ. ಹಿಂದಿನ ಸ್ಪೀಕರಿನ ಭ್ರಮೆಯನ್ನು ಅಲ್ಲಿ ಗಣಿತ ಹುಟ್ಟಿಸುತ್ತದೆ. ಕೆಲವೊಮ್ಮೆ ಆ ಭ್ರಮೆ ಚೆನ್ನಾಗಿಯೇ ಇರುತ್ತದೆ. ಆದರೆ ಬೀಗ ಹಾಕಿದ ಡಿಸ್ಕುಗಳಲ್ಲಿ ಇರುವುದೆಲ್ಲ ಅಲ್ಲಿಗೆ ಬಂದಿಲ್ಲ. ಅವುಗಳನ್ನು ಓದಬಲ್ಲ ಯಂತ್ರಗಳೋ, ವರ್ಷದಿಂದ ವರ್ಷಕ್ಕೆ ಕಡಮೆ. ಎಲ್ಲ ಜಾತಿಯ ಡಿಸ್ಕುಗಳನ್ನೂ ಓದುವುದೆಂದು ಹೆಸರಾದ ಆಪ್ಪೋ ಕಂಪೆನಿ 2018ರಲ್ಲಿ ಯಂತ್ರ ಮಾಡುವುದನ್ನು ನಿಲ್ಲಿಸಿತು. ವಿನೋದವೆಂದರೆ, ಮಕ್ಕಳ ಆಟಕ್ಕಾಗಿ 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಯಂತ್ರದ ಮೊದಲ ತಂಡಗಳಿಗೆ ಸೂಪರ್ ಆಡಿಯೋ ಸಿ.ಡಿ.ಯನ್ನು ಓದುವ ಶಕ್ತಿಯಿತ್ತು. ಕುಶಲಿಗಳು ಕೊನೆಗೆ ಬೀಗವನ್ನು ತೆಗೆದದ್ದು ಆ ಆಟಿಕೆಯ ಮೂಲಕವೇ.

ಕಳೆದ ದೀಪಾವಳಿಗೆ ಸರಸ್ವತೀಪುರಕ್ಕೆ ಹೋಗಿದ್ದೆ. ಮಿತ್ರರ ಯಂತ್ರ ಕೆಟ್ಟಿತ್ತು. ಡಿಸ್ಕು ತಿರುಗುತ್ತದೆ, ಸ್ವಲ್ಪ ಹೊತ್ತು ತಡಕಾಡುತ್ತದೆ, ನಿಲ್ಲುತ್ತದೆ. ಕೆಂಪು ಕಿರಣ ಬೀರುವ ಭಾಗ ಸವೆದಿದೆಯೆಂದೂ ಅಂಥದು ಈಗ ತಯಾರಾಗುವುದಿಲ್ಲವೆಂದೂ ರಿಪೇರಿಯವನು ಹೇಳಿ ಕೈಚೆಲ್ಲಿದ್ದ. ಮೊಮ್ಮಗಳ ಹಳೆಯ ಸಿ.ಡಿ. ಯಂತ್ರವನ್ನು ತಂದು ಅದೇ ಡಿಸ್ಕನ್ನು ಅದರಲ್ಲಿ ಹಾಕಿ ಕೇಳುತ್ತಿದ್ದರು. ಆಳದ ಪದರ ನುಡಿಯಿತು. ಎದುರಿನ ಎರಡು ಸ್ಪೀಕರುಗಳಲ್ಲಿ ವಾದ್ಯವೃಂದ ಚೆನ್ನಾಗಿಯೇ ಇತ್ತು. ಹಿಂದಿನ ಸ್ಪೀಕರುಗಳನ್ನು ಅವರು ತೆಗೆದಿರಲಿಲ್ಲ. ಒಂದರ ಮೇಲೆ ಮೊಮ್ಮಗಳ ಶಾಲೆಯ ಚೀಲವಿತ್ತು. ಇನ್ನೊಂದರ ಮೇಲೆ ದೀಪಾವಳಿಯ ಹಣತೆಗಳನ್ನು ಒಣಗಿಸಿಟ್ಟಿದ್ದರು. ವಾದನ ಮುಗಿದಾಗ ಡಿಸ್ಕನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದು, "ಅದು ಇಲ್ಲಿಯೇ ಇದೆ, ನೋಡಿ. ಎಲ್ಲಿಗೂ ಹೋಗಿಲ್ಲ" ಎಂದರು.

ಧಾರವಾಡದಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಇಂಥ ಯಂತ್ರವೊಂದು ಅಟ್ಟದ ಮೇಲಿದೆಯಂತೆ. ಕೊಡಲು ಒಪ್ಪಿದ್ದಾರಂತೆ, ಕೊರಿಯರಿಗೆ ಹಾಕುವ ಧೈರ್ಯವಿಲ್ಲವಂತೆ. ಮುಂದಿನ ತಿಂಗಳು ನಾನು ಆ ಕಡೆ ಹೋಗುವವನಿದ್ದೇನೆ. ಹನ್ನೆರಡು ಕಿಲೋ ತೂಕವೆಂದು ಕೇಳಿದ್ದೇನೆ. ರೈಲಿನಲ್ಲಿ ಕೆಳಗಿನ ಮಲಗುಸೀಟನ್ನು ಕಾದಿರಿಸಿದ್ದಾಗಿದೆ.